ವಿಮಾನದ ಮುಂದೆ ಅಕ್ಕ, ತಮ್ಮ

ಹೊಸದಾಗಿ ಬಣ್ಣ ಹೊಡೆದು, ಹಗ್ಗದ ಆಚೆ ನಿಲ್ಲಿಸಿದ್ದ ಹಳೆಯ ಯುದ್ಧವಿಮಾನವನ್ನು ನೋಡುತ್ತಿದ್ದ ಅವ್ವ, ಇದ್ದಕ್ಕಿದ್ದಂತೆ ಕೈಚೀಲ ಕೆಳಗಿಟ್ಟು ಪಕ್ಕದಲ್ಲಿದ್ದ ನನ್ನ ಸೋದರಮಾವನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದಳು. ಅವ್ವನಿಗೆ ಎಂಬತ್ತರ ಹತ್ತಿರ. ಮಾವನ ತಲೆಯೂ ಪೂರ್ತಿ ನರೆತಿದೆ. ಸಂಗ್ರಹಾಲಯ ನೋಡಲು ಬಂದಿದ್ದ ಶಾಲೆಯ ಮಕ್ಕಳು ಕಿಸಕ್ಕನೆ ನಕ್ಕರು. ಮಾವ ಅಲುಗಾಡಲಿಲ್ಲ.

“ಅಕ್ಕಾ, ಇದು ಈಗ ಹಾರಂಗಿಲ್ಲ” ಎಂದರು ಮೆಲ್ಲಗೆ.

“ಗೊತ್ತೈತಪ್ಪಾ. ನೀ ಹುಟ್ಟಿದ ದಿನ ಇಂಥಾದ್ದೇ ಒಂದು ತಲಿ ಮ್ಯಾಲೆ ಹಾದು ಹೋತು. ಕೂಸಿನ ಕಿವಿ ಮುಚ್ಚವ್ವಾ ಅಂದ್ಲು ನಮ್ಮವ್ವ. ಮುಚ್ಚಿದ್ದೆ.”

ಅದು 1948ರ ಪೊಲೀಸ್ ಆಕ್ಷನ್ ಸಮಯ, ಭಾರತದ ಸೇನೆ ಹೈದರಾಬಾದ್ ನಿಜಾಮನ ರಾಜ್ಯಕ್ಕೆ ನುಗ್ಗಿದ ದಿನಗಳು. ನಿಜಾಮನ ಕಡೆಯ ರಜಾಕಾರರು ಬರುತ್ತಾರೆಂಬ ಸುದ್ದಿಗೆ ಮಕ್ತಲ್ ಹತ್ತಿರದ ಅಜ್ಜಿಯ ಊರಿನ ಜನ ಜೋಳದ ಹೊಲಗಳಲ್ಲಿ ಅಡಗಿದ್ದರಂತೆ. ತುಂಬು ಗರ್ಭಿಣಿ ಅಜ್ಜಿಗೆ ಅಲ್ಲೇ ಹೆರಿಗೆಯಾಯಿತು. ಸ್ವಲ್ಪ ಹೊತ್ತಿಗೆ ವಿಮಾನ ಬಂತು. ಬಾಂಬು ಬೀಳುತ್ತದೆಂದು ಎಲ್ಲರೂ ನೆಲಕ್ಕೆ ಬೋರಲು ಬಿದ್ದರು. ಆರೇಳು ವರ್ಷದ ಅವ್ವ ಮಾತ್ರ ಕೂಸಿನ ಮೇಲೆ ಬಾಗಿ, ಅದರ ಕಿವಿ ಮುಚ್ಚಿ, ಸದ್ದು ಅಡಗುವವರೆಗೂ ಕುಳಿತೇ ಇದ್ದಳಂತೆ.

ಹೊಲದಲ್ಲಿ ಹುಟ್ಟಿದ ಸಂಗತಿ ಮಾವನಿಗೆ ಗೊತ್ತಿತ್ತು. ವಿಮಾನದ ಮಾತನ್ನು ಅವ್ವ ಅಂದಿನವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಅವಳು ತಾನಾಗಿಯೇ ಕೈ ಇಳಿಸುವವರೆಗೆ ಮಾವ ತಲೆ ತಗ್ಗಿಸಿ ಹಾಗೆಯೇ ನಿಂತಿದ್ದರು.

ಆ ವಿಮಾನಗಳು ನಮ್ಮನ್ನು ಬಿಡಿಸಲು ಬಂದಿದ್ದವೆಂದು ನಾನು ಶಾಲೆಯಲ್ಲಿ ಓದಿದ್ದೆ. ಜೋಳದ ಹೊಲದಲ್ಲಿ ಮಲಗಿದ್ದವರಿಗೆ ಅದು ಗೊತ್ತಿರಲಿಲ್ಲ ಎಂಬುದು ಅಂದು ತಿಳಿಯಿತು.