ಹಳೇ ಸರ್ವರಿನ ಕೊನೆಯ ಕರೆ

ಹೋದ ವರ್ಷ ದೀಪಾವಳಿಗೆ ಮುಂಚಿನ ಮಾತು. ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ದೇವದುರ್ಗ, ಮಾನ್ವಿಗಳಲ್ಲೂ ನಮ್ಮ ಶಾಖೆಗಳಿವೆ. ಮೂರೂ ಕಡೆಯ ಫೋನು, ಸಂದೇಶ ಎಲ್ಲವೂ ರಾಯಚೂರಿನ ಒಂದೇ ಸರ್ವರ್ ಮೂಲಕ ಓಡಾಡುತ್ತಿದ್ದವು. ಅದು ಹಳೆಯದಾಗಿತ್ತು. ಬಿಸಿಲುಗಾಲದಲ್ಲಿ ಕಾದು ತಾನೇ ನಿಂತುಬಿಡುತ್ತಿತ್ತು. ಕೊನೆಗೆ ಹೊಸದು ಬಂತು. ಹಳೆಯದನ್ನು ಯಾರಿಗೂ ತೊಂದರೆಯಾಗದಂತೆ ಬಂದ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಎಲ್ಲರನ್ನೂ ಒಬ್ಬೊಬ್ಬರಾಗಿ ಹೊಸದಕ್ಕೆ ಸಾಗಿಸಿದೆ. ಬೇಕಾದದ್ದನ್ನೆಲ್ಲ ನಕಲು ಮಾಡಿ ತೆಗೆದಿಟ್ಟೆ. ಆಮೇಲೆ ಹಳೆಯದನ್ನು ಸುಮ್ಮನೆ ಚಾಲೂ ಇಟ್ಟು ನೋಡತೊಡಗಿದೆ. ಯಾರೂ ಬಳಸುತ್ತಿಲ್ಲ ಎಂದು ಖಾತ್ರಿಯಾದರೆ ಮಾತ್ರ ಆರಿಸಬೇಕು. ಆದರೆ ಎರಡು ನಂಬರು ಇನ್ನೂ ಜೀವಂತವಾಗಿದ್ದವು. ಒಂದು ಮಾನ್ವಿಯ ಹೆರಿಗೆ ವಾರ್ಡಿನದು, ಇನ್ನೊಂದು ದೇವದುರ್ಗದ ಔಷಧಿ ಸ್ಟೋರಿನದು. ದಿನಾ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಅವೆರಡೂ ಒಂದಕ್ಕೊಂದು ಮಾತಾಡುತ್ತಿದ್ದವು.

ನಮ್ಮ ಮ್ಯಾನೇಜರ್ ವೀರೇಶ್ ಸರ್, ಕಟ್ ಮಾಡಿಬಿಡಮ್ಮಾ, ಬೇಕಾದವರು ತಾವಾಗೇ ಕೇಳಿಕೊಂಡು ಬರುತ್ತಾರೆ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಹೆರಿಗೆ ವಾರ್ಡು ಅಂದರೆ ಹುಡುಗಾಟವೇ? ತುರ್ತಾಗಿ ಔಷಧಿ ಬೇಕಾದಾಗ ಫೋನು ಸತ್ತಿದ್ದರೆ? ಶನಿವಾರದ ತನಕ ಸಮಯ ಕೇಳಿಕೊಂಡು, ಮರುದಿನವೇ ಮಾನ್ವಿ ಬಸ್ ಹತ್ತಿದೆ.

ವಾರ್ಡಿನ ಹಿರಿಯ ನರ್ಸ್ ಗಂಗಮ್ಮ ಸಿಸ್ಟರ್, ಪೋತ್ನಾಳದವರು. ವಯಸ್ಸು ನಲವತ್ತು ದಾಟಿದೆ. ತಮ್ಮಂದಿರನ್ನು ಓದಿಸುವುದರಲ್ಲೇ ಅವರ ಮದುವೆಯ ಮಾತು ಹಿಂದೆ ಬಿದ್ದಿತ್ತು. ಮೇಜಿನ ಮೇಲೆ ಹೊಸ ಫೋನು ಹೊಳೆಯುತ್ತಿತ್ತು, ಪಕ್ಕದಲ್ಲೇ ಹಳೆಯದೂ ಇತ್ತು. ಇದನ್ನು ಯಾಕೆ ಬಳಸುತ್ತಿದ್ದೀರಿ ಎಂದು ಕೇಳಿದೆ. ಮೊದಲು ಔಷಧಿ ಸ್ಟಾಕಿನ ವಿಚಾರ ಅಂದರು. ಅದಕ್ಕೆ ಹೊಸ ಫೋನೇ ಸಾಕಲ್ಲ ಎಂದೆ. ಆಗ ಅವರು ತಲೆ ತಗ್ಗಿಸಿ, "ಹೊಸಾದ್ರಾಗ ಮಾತೆಲ್ಲ ರೆಕಾರ್ಡ್ ಆಗ್ತಾವಂತಲ್ರೀ" ಅಂದರು.

ಆಗ ನನಗೆ ಅರ್ಥವಾಯಿತು. ಉಳಿದದ್ದನ್ನು ಅವರೇ ಒಂದೊಂದಾಗಿ ಹೇಳಿದರು. ದೇವದುರ್ಗದ ಸ್ಟೋರಿನ ಮಾರುತಿ ಅವರು ಹೆಂಡತಿಯನ್ನು ಕಳೆದುಕೊಂಡು ಎಷ್ಟೋ ವರ್ಷಗಳಾಗಿದ್ದವು. ರಾಯಚೂರಿನ ಒಂದು ತರಬೇತಿಯಲ್ಲಿ ಇಬ್ಬರಿಗೂ ಪರಿಚಯವಾಗಿತ್ತು. ಸಿಸ್ಟರ್ ಮೊಬೈಲು ಸದಾ ಮನೆಯಲ್ಲೇ, ತಮ್ಮನ ಮಕ್ಕಳ ಕೈಯಲ್ಲಿ. ಹೀಗಾಗಿ ಅವರಿಬ್ಬರಿಗೂ ಇದ್ದದ್ದು ಇದೊಂದೇ ಫೋನು. ಮದುವೆಯಾಗೋಣ ಎಂದು ಮಾರುತಿ ಅವರು ಕೇಳುತ್ತಲೇ ಇದ್ದರಂತೆ, ಸಿಸ್ಟರ್ ನೋಡೋಣ ಅನ್ನುತ್ತಲೇ ಇದ್ದರಂತೆ. ಈ ವಯಸ್ಸಿನಲ್ಲಿ ಜನ ಏನಂದಾರು ಎಂಬ ಅಳುಕು.

ಶನಿವಾರ ಮಧ್ಯಾಹ್ನ ಇದು ಬಂದ್ ಆಗುತ್ತದೆ ಎಂದು ನಾನು ಹೇಳಲೇಬೇಕಾಯಿತು. ಅವರು ಆ ಹಳೇ ಫೋನಿನ ಮೇಲೆ ಕೈಯಿಟ್ಟು ಕೂತರು. ತಮ್ಮ ಮಾತೇನಾದರೂ ಆ ಮಷೀನಿನಲ್ಲಿ ಉಳಿದಿರುತ್ತದೆಯೇ, ಮುಂದೆ ಯಾರ ಕೈಗಾದರೂ ಸಿಗುತ್ತದೆಯೇ ಎಂದು ಕೇಳಿದರು. ಮಾತು ಉಳಿಯುವುದಿಲ್ಲ, ಯಾರು ಯಾರಿಗೆ ಫೋನ್ ಮಾಡಿದರು ಎಂಬುದಷ್ಟೇ ಇರುತ್ತದೆ, ಅದನ್ನೂ ಮಷೀನು ಕೋಣೆಯಿಂದ ಹೊರಗೆ ಹೋಗುವ ಮುಂಚೆ ನಾನೇ ಪೂರ್ತಿ ಅಳಿಸುತ್ತೇನೆ ಎಂದು ಮಾತು ಕೊಟ್ಟೆ. ನನ್ನ ಮೊಬೈಲ್ ನಂಬರನ್ನೂ ಕೊಟ್ಟು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅವರದೇ ಚಿಂತೆ.

ಶನಿವಾರ ಬಂತು. ವೀರೇಶ್ ಸರ್ ಸರ್ವರ್ ಕೋಣೆಗೆ ಬಂದು ನನ್ನ ಪಕ್ಕದಲ್ಲೇ ನಿಂತರು. ಪರದೆಯ ಮೇಲೆ ಒಂದೇ ಒಂದು ಹಸಿರು ಗುರುತು ಕಾಣುತ್ತಿತ್ತು.

"ಇನ್ನೂ ಯಾರೋ ಮಾತಾಡಾಕತ್ತಾರಲ್ಲವಾ" ಅಂದರು.

"ಹೌದ್ರಿ ಸರ್. ಅವರ ಮಾತು ಮುಗೀಲಿ."

ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ಏನು ಹೊಳೆಯಿತೋ, ಕುರ್ಚಿ ಎಳೆದುಕೊಂಡು ಕೂತು ಇಬ್ಬರಿಗೂ ಚಹಾ ತರಿಸಿದರು. ಚಹಾ ಕುಡಿದು ಮುಗಿಯಿತು. ಹಸಿರು ಗುರುತು ಅಲ್ಲಾಡಲಿಲ್ಲ. ಅವರು ತಮ್ಮ ಮಗಳ ಪರೀಕ್ಷೆ, ಮನೆಯ ಬೋರಿನ ನೀರು ಎಂದು ಏನೇನೋ ಮಾತಾಡಿದರು. ನನ್ನ ಕಿವಿಗೆ ಒಂದೂ ಬೀಳಲಿಲ್ಲ. ಅಲ್ಲಿ ಜಗಳವೇ ನಡೆಯುತ್ತಿದೆಯೋ, ಯಾರಾದರೂ ಅಳುತ್ತಿದ್ದಾರೋ ಎಂದೇ ಯೋಚಿಸುತ್ತಿದ್ದೆ.

ಕಡೆಗೂ ಗುರುತು ಆರಿತು. ನಾನು ಆಗಲೇ ಗುಂಡಿ ಮುಟ್ಟಲಿಲ್ಲ. ಅಷ್ಟರಲ್ಲಿ ನನ್ನ ಮೊಬೈಲು ರಿಂಗಾಯಿತು. ಗಂಗಮ್ಮ ಸಿಸ್ಟರ್, ವಾರ್ಡಿನ ಹೊಸ ಫೋನಿನಿಂದ. ದನಿಯಲ್ಲಿ ನಗು ತುಂಬಿತ್ತು.

"ಈಗ ಬಂದ್ ಮಾಡ್ರಿ ತಂಗಿ. ನಾ ಹೂಂ ಅಂದೆ."

ನನಗೆ ಕಣ್ಣು ಮಂಜಾಯಿತು. ಒಂದೊಂದೇ ಸೇವೆ ನಿಲ್ಲಿಸಿ, ಕೊನೆಗೆ ಗುಂಡಿ ಒತ್ತಿದೆ. ಅದರ ಫ್ಯಾನಿನ ಗುಂಯ್ ಸದ್ದು ನಿಧಾನವಾಗಿ ಇಳಿದು, ಕೋಣೆ ಪೂರಾ ಶಾಂತವಾಯಿತು. ಮುಂದಿನ ವಾರ ಡಿಸ್ಕನ್ನು ಅಳಿಸಿ, ಏನೂ ಉಳಿದಿಲ್ಲ ಎಂದು ಮತ್ತೊಮ್ಮೆ ನೋಡಿಯೇ ಮಷೀನನ್ನು ಹೊರಗೆ ಕಳಿಸಿದೆ.

ಪೋತ್ನಾಳದಲ್ಲಿ ಮನೆ ಮುಂದೆ ಚಪ್ಪರ ಹಾಕಿ ಮದುವೆ ಮಾಡಿದರು. ಏನಾದರೂ ಮಾತಾಡಿಕೊಂಡಾರು ಎಂದು ಸಿಸ್ಟರ್ ಅಂಜಿದ್ದ ಜನರೇ ಸಾಲುಗಟ್ಟಿ ಕೂತು ಹೋಳಿಗೆ ಉಂಡರು. ತಮ್ಮಂದಿರು ಓಡಾಡಿ ಬಡಿಸಿದರು. ಸಿಸ್ಟರ್ ತಾಯಿ ನನ್ನ ಗಲ್ಲ ಹಿಡಿದು, "ಎಲ್ಲೀಕಿ ಯವ್ವಾ ನೀನು" ಎಂದು ಕೇಳಿದರು. ಫೋನ್ ಬಂದ್ ಮಾಡಿದಾಕಿ ಎಂದು ಮದುಮಗಳೇ ಹೇಳಿ ನಕ್ಕರು.

ಅವರಿಬ್ಬರನ್ನೂ ಕೇಳಿ, ಹೆಸರು ಬದಲಿಸಿ ಇದನ್ನು ಬರೆದಿದ್ದೇನೆ. ಯಾವ ಮಷೀನು ಆರಿಸುವ ಮುಂಚೆಯೂ ಈಗ ನಾನು ಆ ಊರಿಗೇ ಹೋಗಿ, ಬಳಸುವವರ ಎದುರು ಕೂತು ವಿಚಾರಿಸುತ್ತೇನೆ. ಬಸ್ಸಿನ ಖರ್ಚಿಗೆ ವೀರೇಶ್ ಸರ್ ಒಮ್ಮೆಯೂ ತಕರಾರು ಮಾಡಿಲ್ಲ.