ಕಿಟಕಿ ತೆಗೆಯುವ ಜಲಜಕ್ಕ

ಜಲಜಕ್ಕ ಯಾರ ಮನೆಗೆ ಬಂದರೂ ಮೊದಲು ಮಾಡುತ್ತಿದ್ದ ಕೆಲಸ ಕಿಟಕಿ ತೆಗೆಯುವುದು. ಮನೆಯವರನ್ನು ಒಂದು ಮಾತು ಕೇಳುವ ಪದ್ಧತಿಯೇ ಇರಲಿಲ್ಲ. ಕೊಪ್ಪದ ಹತ್ತಿರದ ನಮ್ಮೂರು ನಾರ್ವೆಯ ಸುತ್ತಮುತ್ತ ಇಪ್ಪತ್ತು ವರ್ಷ ನರ್ಸಾಗಿದ್ದವರು. ಯಾವ ಮನೆಯ ಚಿಲಕ ತುಕ್ಕು ಹಿಡಿದಿದೆ ಎಂಬುದು ಆ ಮನೆಯವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಕೊರೊನಾ ಬಂದ ವರ್ಷ ಈ ಚಟ ಇನ್ನೂ ಜಾಸ್ತಿಯಾಯಿತು. ಅಡಿಕೆ ಸುಲಿಯುವ ಕಾಲ. ನಮ್ಮ ಅವ್ವನೂ ಏಳೆಂಟು ಹೆಂಗಸರೂ ಒಂದೇ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಕೂತು ದಿನವಿಡೀ ಸುಲಿಯುತ್ತಾ ಹರಟುತ್ತಿದ್ದರು. ಅಷ್ಟೂ ಜನಕ್ಕೆ ಎಲೆ-ಅಡಿಕೆ ತಟ್ಟೆ ಒಂದೇ. ಜಲಜಕ್ಕ ಬಾಗಿಲಲ್ಲೇ ನಿಂತು ರೇಗಿದರು.

"ಇದು ಉಸಿರಲ್ಲೇ ಹರಡೋ ಕಾಯ್ಲೆ ಮಾರಾಯ್ತಿ! ಮಾತಾಡಿದ್ರೂ ಬರ್ತದೆ, ನಕ್ಕರೂ ಬರ್ತದೆ. ಅಂಗಳಕ್ಕೆ ಬಂದು ದೂರ ದೂರ ಕೂರಿ. ಕಮಲಕ್ಕ, ನಿಮಗೆ ವಯಸ್ಸೂ ಆಯ್ತು, ಸಕ್ಕರೆ ಕಾಯ್ಲೆನೂ ಉಂಟು. ನಿಮಗೆ ಬಂದ್ರೆ ಜೋರಾಗ್ತದೆ."

ಕಮಲಕ್ಕ ಎಂದರೆ ನಮ್ಮವ್ವ. ಎಲ್ಲರೂ ಅಂಗಳಕ್ಕೆ ಬಂದರು. ಜಲಜಕ್ಕ ಅತ್ತ ಹೋದ ಮೇಲೆ ಬಿಸಿಲೆಂದು ಮತ್ತೆ ಒಳಗೆ ಹೋದರು.

ವಾರದಲ್ಲೇ ಅವ್ವನಿಗೆ ಜ್ವರ. ಪರೀಕ್ಷೆಯಲ್ಲಿ ಕೊರೊನಾ ಎಂದೇ ಬಂತು. ಒಳ್ಳೆ ಔಷಧಿ ಕೊಡಿ ಎಂದು ಜಲಜಕ್ಕನಲ್ಲಿ ಗೋಗರೆದೆ.

"ಇದಕ್ಕೆ ಮಂತ್ರದ ಗುಳಿಗೆ ಇಲ್ಲ. ಜ್ವರಕ್ಕೆ ಮಾತ್ರೆ, ಗಂಜಿ, ನೀರು. ಸಕ್ಕರೆ ಮಾತ್ರೆ ತಪ್ಪಿಸ್ಬೇಡ. ದಿನಾ ಈ ಮೆಷಿನ್ ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ಎಷ್ಟುಂಟು ನೋಡು. ತೊಂಬತ್ನಾಲ್ಕಕ್ಕಿಂತ ಇಳಿದ್ರೆ ತಕ್ಷಣ ಫೋನ್ ಮಾಡು."

ಆರನೇ ದಿನ ಬೆಳಿಗ್ಗೆ ಮೆಷಿನ್ ಎಂಬತ್ತೆಂಟು ತೋರಿಸಿತು. ಅವ್ವ ಕಣ್ಣು ಮುಚ್ಚಿಕೊಂಡೇ "ಆರಾಮಿದೀನಿ" ಎಂದಳು. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ ಎಂದು ಊರೆಲ್ಲ ಮಾತು. ಅಡಿಕೆ ಸುಲಿದು ಅವ್ವನ ಬೆರಳು ಕರ್ರಗಾಗಿತ್ತು. ಆ ಕಲೆಯಿಂದಾಗಿ ಮೆಷಿನ್ ತಪ್ಪು ತೋರಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಫೋನ್ ಮಾಡಲಿಲ್ಲ.

ಮಧ್ಯಾಹ್ನ ಜಲಜಕ್ಕ ತಾವಾಗಿಯೇ ಬಂದರು. ನಾನು ಕಲೆಯ ಕತೆ ಹೇಳಿದೆ. ಅವರು ವಾದಕ್ಕೆ ನಿಲ್ಲಲಿಲ್ಲ. ಕಂಬಳಿ ಸರಿಸಿ ಮೆಷಿನನ್ನು ಅವ್ವನ ಕಾಲ್ಬೆರಳಿಗೆ ಸಿಕ್ಕಿಸಿದರು. ಎಂಬತ್ತಾರು.

"ಕಾಲಲ್ಲೂ ಅಡಿಕೆ ಸುಲಿದಿದಾರೇನೇ?" ಎಂದವರೇ ಆಂಬುಲೆನ್ಸಿಗೆ ಫೋನ್ ಮಾಡಿದರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಕೊಟ್ಟರು, ಗಂಟೆಗಟ್ಟಲೆ ಬೋರಲು ಮಲಗಿಸಿದರು. ಹನ್ನೆರಡು ದಿನಕ್ಕೆ ಅವ್ವ ಮನೆಗೆ ಬಂದಳು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಕಂಡವರಿಗೆಲ್ಲ ಅವ್ವ ಹೇಳಿದ್ದೇ ಹೇಳಿದ್ದು: "ನನ್ ಮಗಳು ಹಟ ಹಿಡಿದು ಆಂಬುಲೆನ್ಸ್ ತರ್ಸಿದ್ಲಂತೆ. ಜಲಜಕ್ಕನೇ ಹೇಳಿದ್ರು." ಕೇಳಿದಾಗಲೆಲ್ಲ ನಾನು ಕುಗ್ಗಿಹೋಗುತ್ತಿದ್ದೆ.

ನಿವೃತ್ತಿಯಾಗಿ ಜಲಜಕ್ಕ ಹಾಸನದ ಕಡೆಯ ತಮ್ಮ ಊರಿಗೆ ಹೊರಟ ದಿನ ಕೊಪ್ಪದ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಅವರನ್ನು ಕಂಡದ್ದು ಅದೇ ಕೊನೆ. ತಡೆಯಲಾಗದೆ ಕೇಳಿಯೇಬಿಟ್ಟೆ: "ಅವ್ವನಿಗೆ ಯಾಕೆ ಸುಳ್ಳು ಹೇಳಿದ್ರಿ ಜಲಜಕ್ಕ?"

ಅವರು ಬ್ಯಾಗು ಸರಿಮಾಡಿಕೊಂಡರು. "ನೀನು ಹೆದರಿದ್ದೆ, ಅದು ನಂಗೆ ಗೊತ್ತು. ಅವರಿಗೆ ಯಾಕೆ ಗೊತ್ತಾಗ್ಬೇಕು? ಮುಂದೆ ಅವರು ನಿನ್ನ ಕೈಯಲ್ಲೇ ಉಣ್ಬೇಕಲ್ಲ ಮಾರಾಯ್ತಿ."

ಅವ್ವ ಈಗಲೂ ನನ್ನ ಕೈಯಲ್ಲೇ ಉಣ್ಣುತ್ತಾಳೆ.