ಎಮ್ಮೆಯ ಗೊರಸು, ಅವ್ವನ ಕೋಲು

ದುಂಡಸಿಯ ವೆಲ್ಡರ್ ಗುತ್ತೆಪ್ಪನಿಗೆ ಯಾವುದನ್ನು ಕಂಡರೂ ಬಗ್ಗಿ ಅದರ ಅಡಿ ನೋಡುವ ಚಟ. ಮಳೆಗಾಲದಲ್ಲಿ ಅವ್ವನ ಊರುಗೋಲು ಎರೆಮಣ್ಣಿನಲ್ಲಿ ಹೂತುಕೊಳ್ಳುತ್ತಿತ್ತು, ಪಕ್ಕದಲ್ಲೇ ಎಮ್ಮೆ ಸಲೀಸಾಗಿ ಹೋಗುತ್ತಿತ್ತು. ಗುತ್ತೆಪ್ಪ ಕುಕ್ಕರಗಾಲಿನಲ್ಲಿ ಕೂತು ಅದರ ಗೊರಸು ನೋಡಿದ. ಊರಿದಾಗ ಅಗಲವಾಗುತ್ತದೆ, ಎತ್ತಿದಾಗ ಮುಚ್ಚಿಕೊಳ್ಳುತ್ತದೆ! ಅಂಥದೇ ಅಡಿಯಿರುವ ಕೋಲು ಮಾಡಿ, ಪರೀಕ್ಷೆಗೆಂದು ವಿಶ್ವವಿದ್ಯಾಲಯಕ್ಕೆ ಒಯ್ದ.

ಅಲ್ಲಿ ಯಂತ್ರವೊಂದು ಅದನ್ನು ಉಕ್ಕಿನ ಹಲಗೆಗೆ ಲಕ್ಷ ಸಲ ಒತ್ತಿ ನೋಡಿತು.

“ನಮ್ಮವ್ವ ಉಕ್ಕಿನ ಮ್ಯಾಲ ನಡೀತಾಳೇನ್ರಿ?” ಎಂದು ಸಿಡುಕಿದ ಗುತ್ತೆಪ್ಪ, ಮರುವಾರ ಒಂದು ಚೀಲ ಎರೆಮಣ್ಣು ಹೊತ್ತೊಯ್ದ. ಕೆಸರಿನಲ್ಲೂ ಕೋಲು ಗೆದ್ದಿತು.

“ಪೇಟೆಂಟಿಗೆ ಅರ್ಜಿ ಹಾಕೋಣ. ತಯಾರಿಸುವ ಕಂಪನಿಯನ್ನೂ ನಾವೇ ಹುಡುಕಿಕೊಡ್ತೇವೆ,” ಎಂದು ಅಲ್ಲಿನ ಪ್ರೊಫೆಸರ್ ಪೆನ್ನು ತೆಗೆದರು. “ಕಂಡುಹಿಡಿದವರ ಹೆಸರು?”

ಗುತ್ತೆಪ್ಪ ತಲೆ ಕೆರೆದುಕೊಂಡ.

“ನಮ್ಮ ಎಮ್ಮಿಗೆ ಹೆಸರ ಇಟ್ಟಿಲ್ಲಲ್ರೀ ಸರ.”